ಪತ್ರಿಕೆಯಿಂದ ರೇಡಿಯೊಗೆ: ಆಕಾಶವಾಣಿ, ಖಾಸಗಿ ಎಫ್‌ಎಂ, ಸಮುದಾಯ ರೇಡಿಯೊ – ಯಾವುದು ಯಾರಿಗೆ?

ಹುಬ್ಬಳ್ಳಿ-ಧಾರವಾಡದ ವರದಿಗಾರರಿಗೆ ಈ ಮೂರೂ ದಾರಿಗಳು ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಮೂರೂ ಕಡೆ ಮೈಕ್ ಮುಂದೆ ಕೂತು ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಸುದ್ದಿ ಬಿಟ್ಟಿರಲಾರದವರಿಗೆ ಆಕಾಶವಾಣಿಯೇ ಸರಿ. ಹಾಗಂತ ಅದನ್ನೊಂದೇ ನಂಬಿ ಪತ್ರಿಕೆಗೆ ರಾಜೀನಾಮೆ ಕೊಡಬೇಡಿ.

ಧಾರವಾಡ ಆಕಾಶವಾಣಿ 1950ರಿಂದ ಇದೆ. ಅಲ್ಲಿ ಪ್ರಾದೇಶಿಕ ಸುದ್ದಿ ವಿಭಾಗವೂ ಇದೆ. ಹಂಗಾಮಿ ಸುದ್ದಿ ವಾಚಕರ ಆಯ್ಕೆಯಲ್ಲಿ ಧ್ವನಿಯಷ್ಟೇ ಅಲ್ಲ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದವನ್ನೂ ಪರೀಕ್ಷಿಸುತ್ತಾರೆ. ಆಯ್ಕೆಯಾದರೂ ತಿಂಗಳಿಗೆ ಸಾಮಾನ್ಯವಾಗಿ ಆರು ದಿನಕ್ಕಿಂತ ಹೆಚ್ಚು ಡ್ಯೂಟಿ ಸಿಗದು. ಗದಗ, ಹಾವೇರಿಯವರು ಜಿಲ್ಲಾ ಅರೆಕಾಲಿಕ ವರದಿಗಾರರ ಹುದ್ದೆಗೆ ಅಧಿಸೂಚನೆ ಬರುವುದನ್ನು ಕಾಯುವುದು ಲೇಸು.

ಪತ್ರಿಕೆಯವರು ಎಡವುವುದು ವಾಕ್ಯದಲ್ಲಿ. ‘ಬೆಣ್ಣಿಹಳ್ಳದ ಪ್ರವಾಹದಿಂದ ನವಲಗುಂದ ತಾಲ್ಲೂಕಿನಲ್ಲಿ ಹಾನಿಗೀಡಾದ 1,187 ಹೆಕ್ಟೇರ್ ಹೆಸರು ಬೆಳೆಗೆ ಪರಿಹಾರ ನೀಡಬೇಕೆಂದು ಆಗ್ರಹಿಸಿ ರೈತರು ಧರಣಿ ನಡೆಸಿದರು’ ಎಂಬಂಥ ಸಾಲು ಕಣ್ಣಿಗೆ ಸರಿ. ಕಿವಿಗೆ ಮಾತ್ರ ರೈತರು ಬರುವಷ್ಟರಲ್ಲಿ ಹೆಕ್ಟೇರ್ ಮರೆತಿರುತ್ತದೆ. ರೇಡಿಯೊಗೆ ಹೀಗೆ ಒಡೆಯಬೇಕು: ‘ನವಲಗುಂದದಲ್ಲಿ ರೈತರು ಧರಣಿ ನಡೆಸಿದ್ದಾರೆ. ಬೆಣ್ಣಿಹಳ್ಳದ ಪ್ರವಾಹಕ್ಕೆ ಸುಮಾರು ಹನ್ನೆರಡು ನೂರು ಹೆಕ್ಟೇರ್ ಹೆಸರು ಬೆಳೆ ಹಾಳಾಗಿದೆ. ಪರಿಹಾರ ಕೊಡಬೇಕು ಎಂಬುದು ಅವರ ಬೇಡಿಕೆ.’ ಅಂಕಿಯನ್ನು ಅಕ್ಷರದಲ್ಲೇ ಬರೆದುಕೊಳ್ಳಿ, ಓದುವಾಗ ತಡವರಿಸುವುದಿಲ್ಲ. ನಿಮಿಷಕ್ಕೆ 90–100 ಪದ ಹಿತ. ಹತ್ತು ನಿಮಿಷದ ಬುಲೆಟಿನ್‌ಗೆ 900 ಪದ ಸಾಕು. ವಾಕ್ಯ ಹಾಳೆಯಿಂದ ಹಾಳೆಗೆ ದಾಟಬಾರದು. ಹಾಳೆ ತಿರುವುವ ಸದ್ದೂ ಪ್ರಸಾರವಾಗಿಬಿಡುತ್ತದೆ.

ಖಾಸಗಿ ಎಫ್‌ಎಂನಲ್ಲಿ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿಯೇ ಇಲ್ಲ. ಆಕಾಶವಾಣಿಯ ಬುಲೆಟಿನ್ನನ್ನು ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೇ. ಟ್ರಾಫಿಕ್, ಹವಾಮಾನ, ನೀರು-ಕರೆಂಟಿನ ಮಾಹಿತಿ ಹೇಳಬಹುದು. ಹೆಸ್ಕಾಂ ಎಷ್ಟೊತ್ತಿಗೆ ಲೈನ್ ತೆಗೆಯುತ್ತದೆ ಎಂದು ಹೇಳಬಹುದು, ಆದರೆ ಅದರ ಹಿಂದಿನ ರಾಜಕೀಯ ಕೆದಕುವ ಹಾಗಿಲ್ಲ. ಹಾಡುಗಳ ನಡುವೆ ಅರ್ಧ ನಿಮಿಷದಲ್ಲಿ ಮಾತು ಮುಗಿಸಬೇಕು. ತನಿಖಾ ವರದಿಯ ರುಚಿ ಹತ್ತಿದವರಿಗೆ ಇಲ್ಲಿ ಉಸಿರುಗಟ್ಟುತ್ತದೆ. ಮಾತುಗಾರಿಕೆ ಇದ್ದು, ನಿತ್ಯದ ಪಾಳಿ ಬೇಕೆನ್ನುವವರಿಗೆ ಒಗ್ಗುತ್ತದೆ.

ಸಂಘ-ಸಂಸ್ಥೆ, ವಿದ್ಯಾಲಯಗಳು ಲಾಭದ ಉದ್ದೇಶವಿಲ್ಲದೆ ಸುತ್ತಲಿನ ಜನರಿಗಾಗಿ ನಡೆಸುವ ಸಮುದಾಯ ರೇಡಿಯೊದಲ್ಲಿ ಸಂಬಳದ ಆಸೆ ಬೇಡ. ನೂರು ವ್ಯಾಟ್‌ನ ಪ್ರಸಾರ, ಕೆಲವೇ ಕಿಲೋಮೀಟರ್ ವ್ಯಾಪ್ತಿ. ಆದರೂ ಕಲಿಯಲು ಇದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ಏಕೆಂದರೆ ರೆಕಾರ್ಡಿಂಗ್‌ನಿಂದ ಎಡಿಟಿಂಗ್‌ವರೆಗೆ ಎಲ್ಲ ನೀವೇ ಮಾಡಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅಂಥ ಕೇಂದ್ರವಿದೆ. ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಹೊಲದಲ್ಲಿ ಸಂದರ್ಶನ ಮುಗಿದ ಮೇಲೆ ಅರ್ಧ ನಿಮಿಷ ಬರೀ ಅಲ್ಲಿನ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಕತ್ತರಿಸಿದ ಕಡೆ ಅದನ್ನು ಹಾಸಿದರೆ ಜೋಡಣೆ ಗೊತ್ತಾಗುವುದಿಲ್ಲ. ಪತ್ರಿಕೆಯ ಕೆಲಸ ಇಟ್ಟುಕೊಂಡೇ ವಾರದ ರಜೆಯಲ್ಲಿ ಇದನ್ನು ಮಾಡಬಹುದು. ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಕರೆ ಬರುವಷ್ಟರಲ್ಲಿ ಕಿವಿಯೂ ನಾಲಿಗೆಯೂ ಪಳಗಿರುತ್ತವೆ.