ಕೀ ತೆಗೆದರೂ ಕರೆಂಟ್ ಇತ್ತು: ಮಾಡಿಫೈ ಮಾಡಿದ ಹಳೆ ಗಾಡಿ ತಗೊಳ್ಳುವವರು ಓದಿ

ಹಳೆ ಗಾಡಿ ತಗೊಂಡು ಮನೆಯಲ್ಲೇ ಬಿಚ್ಚಿ, ಬಣ್ಣ ಹೊಡೆದು, ಹ್ಯಾಂಡಲ್ ಬದಲಿಸಿ ತಮಗೆ ಬೇಕಾದ ಹಾಗೆ ರೆಡಿ ಮಾಡಿಕೊಳ್ಳುವವರು ಹುಬ್ಬಳ್ಳಿ-ಧಾರವಾಡದಲ್ಲಿ ತುಂಬಾ ಜನ ಇದ್ದಾರೆ. ನನಗೂ ಆ ಹುಚ್ಚು ಮೊದಲಿನಿಂದ ಇದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾರೋ ವೈರಿಂಗ್ ಮುಟ್ಟಿದ ಗಾಡಿ ನಿಮ್ಮ ಕೈಗೆ ಬಂದರೆ, ಟ್ಯಾಂಕಿಗೆ ಪಾನಾ ಹಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೀ ಆಫ್ ಮಾಡಿದ್ದೇವಲ್ಲ, ಇನ್ನೇನು ಅಂತ ಬಿಡಬೇಡಿ. ನಮ್ಮ ಕಾಕಾನ ಮಗನ ಕೈ ಸುಟ್ಟಿದ್ದು ಕೀ ಆಫ್ ಇದ್ದಾಗಲೇ.

ಗಾಡಿ 2014ರ ಮಾಡೆಲ್, 150 ಸಿಸಿ, ಕಾರ್ಬುರೇಟರ್ ಇರುವಂಥದ್ದು. ಕೆಎ 25 ಪಾಸಿಂಗ್. ಧಾರವಾಡದ ಒಬ್ಬ ಹುಡುಗ ಮಾರಿದ. ಮುಂದೆ ಎರಡು ಎಲ್‌ಇಡಿ ಫಾಗ್ ಲೈಟ್, ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜರ್, ಎರಡೆರಡು ಹಾರ್ನ್, ಹಿಂದೆ ಮಿಣುಕುವ ಬ್ರೇಕ್ ಲೈಟ್, ಎಲ್ಲಾ ಹಾಕಿಸಿದ್ದ. ಟೋಲ್ ನಾಕಾದಿಂದ ಸತ್ತೂರಿನವರೆಗೆ ಓಡಿಸಿ ನೋಡಿದೆ. ಎಂಜಿನ್ ಛಲೋ ಇತ್ತು, ಹೊಗೆ ಇಲ್ಲ, ಗೇರ್ ಸಲೀಸು. ಇಷ್ಟೊಂದು ಲೈಟ್ ಇವೆಯಲ್ಲ, ವೈರಿಂಗ್ ಯಾರು ಮಾಡಿದ್ದು ಅಂತ ಕೇಳಿದೆ.

"ಅಣ್ಣಾರ, ಛಲೋ ಮಿಸ್ತ್ರಿ ಕಡೆ ಮಾಡ್ಸೇನ್ರಿ. ಫ್ಯೂಸ್, ರಿಲೇ ಎಲ್ಲಾ ಅದಾವು. ನೀವೇನೂ ಚಿಂತಿ ಮಾಡಬ್ಯಾಡ್ರಿ" ಅಂದ. ರಿಲೇ ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ. ಸೀಟ್ ಎತ್ತಿ ಫ್ಯೂಸ್ ಡಬ್ಬಿಯನ್ನೂ ತೋರಿಸಿದ. ಅದು ಕಂಪನಿಯವರೇ ಕೊಟ್ಟ ಫ್ಯೂಸ್. ಕಂಪನಿಯ ವೈರಿಂಗ್ ಅನ್ನು ಮಾತ್ರ ಕಾಯುತ್ತದೆ. ಅವನು ಹಾಕಿಸಿದ ಲೈಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ ಅನ್ನೋದು ಗೊತ್ತಾಗಿದ್ದು ಎಲ್ಲಾ ಸುಟ್ಟ ಮೇಲೆ.

ಕೆಲವು ದಿನ ಗಾಡಿ ಚೆನ್ನಾಗಿಯೇ ಓಡಿತು. ನಮ್ಮದು ಹಳೆ ಹುಬ್ಬಳ್ಳಿಯ ಮನೆ. ಓಣಿ ಸಣ್ಣದು, ಹಾಗಾಗಿ ರಾತ್ರಿ ಗಾಡಿಯನ್ನು ಪಡಸಾಲೆಯಲ್ಲೇ ನಿಲ್ಲಿಸುತ್ತೇವೆ. ಅದೇ ಪಡಸಾಲೆಯಲ್ಲಿ ನಮ್ಮ ಅಜ್ಜಿ ಮಲಗುತ್ತಾರೆ. ಈ ಮಾತು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ಇದೆ.

ಒಂದು ಭಾನುವಾರ ಟ್ಯಾಂಕಿಗೆ ಬಣ್ಣ ಹೊಡೆಯೋಣ ಅಂತ ಗಾಡಿಯನ್ನು ಅಂಗಳಕ್ಕೆ ತಂದೆವು. ಕಾಕಾನ ಮಗ ಗೋಕುಲ ರೋಡ್ ಕಡೆ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಅವನಿಗೆ ಟ್ಯಾಂಕ್ ಬಿಚ್ಚುವುದು ದಿನದ ಕೆಲಸ. ಕೀ ತೆಗೆದು ಕಿಟಕಿ ಮೇಲೆ ಇಟ್ಟ. ಪೆಟ್ರೋಲ್ ನಾಬ್ ಆಫ್ ಮಾಡಿದ. ಪೈಪ್ ಎಳೆದಾಗ ಅದರಲ್ಲಿ ಉಳಿದಿದ್ದ ಒಂದಿಷ್ಟು ಪೆಟ್ರೋಲ್ ಎಂಜಿನ್ ಮೇಲೆ ಸೋರಿತು. ಅಷ್ಟು ಎಲ್ಲರಿಗೂ ಸೋರುತ್ತದೆ. ಹಿಂದಿನ ಬೋಲ್ಟ್ ತೆಗೆದು, ಟ್ಯಾಂಕನ್ನು ಹಿಂದಕ್ಕೆ ಎಳೆದು ಎತ್ತಿದ.

ಟ್ಯಾಂಕಿನ ತಳಕ್ಕೆ ಒಂದು ಕೆಂಪು ವೈರ್ ಅಂಟಿಕೊಂಡಿತ್ತು. ಎಂಜಿನ್ ಕಾವಿಗೆ ಟೇಪಿನ ಅಂಟು ಕರಗಿ ಟ್ಯಾಂಕಿಗೆ ಹಿಡಿದಿತ್ತು. ಟ್ಯಾಂಕ್ ಮೇಲೆ ಬಂದಾಗ ವೈರೂ ಮೇಲೆ ಬಂತು. ಒಂದು ಜಾಯಿಂಟ್ ಕಿತ್ತು, ಬರಿ ತಾಮ್ರ ಫ್ರೇಮಿಗೆ ತಾಗಿತು. ಚಟ್ ಅಂತ ಕಿಡಿ. ಅದರ ಹಿಂದೆಯೇ ಬೆಂಕಿ.

ಅವನು ಟ್ಯಾಂಕ್ ಕೈಬಿಡಲಿಲ್ಲ. ಅರ್ಧ ಟ್ಯಾಂಕ್ ಪೆಟ್ರೋಲ್ ಇತ್ತು. ಅಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಹೇಳಬೇಕಾಗಿಲ್ಲ. ಬಲಗೈ ತೋಳಿಗೆ ಉರಿ ತಾಗುತ್ತಿದ್ದರೂ ಗೇಟಿನಾಚೆ ಹೋಗಿ ಟ್ಯಾಂಕ್ ಇಟ್ಟು ಬಂದ. ಅವನ ಧೈರ್ಯದಿಂದಲೇ ಮನೆ ಉಳಿಯಿತು.

ಅಷ್ಟರಲ್ಲಿ ಅವ್ವ ಕೊಡ ನೀರು ತಂದಿದ್ದಳು. ನಾನೇ ತಡೆದೆ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ನೀರು ಹಾಕಿದರೆ ಬೆಂಕಿ ನೀರಿನ ಜೊತೆ ಹರಿದು ಇನ್ನಷ್ಟು ಜಾಗ ಹಿಡಿಯುತ್ತದೆ. ಎದುರುಮನೆಯವರು ಕಟ್ಟಡ ಕೆಲಸಕ್ಕೆ ಉಸುಕು ಹಾಕಿಸಿದ್ದರು. ಬುಟ್ಟಿಯಲ್ಲಿ ತಂದು ಸುರಿದೆವು. ಉರಿ ಆರಿತು. ಆರಿತು ಅಂತ ಉಸಿರು ಬಿಡುವಷ್ಟರಲ್ಲಿ ಮತ್ತೆ ಹತ್ತಿಕೊಂಡಿತು. ಮತ್ತೆ ಉಸುಕು, ಮತ್ತೆ ಉರಿ. ಯಾಕೆ ಅಂತ ನೋಡಿದರೆ ಉಸುಕಿನ ಅಡಿಯಲ್ಲಿ ಆ ವೈರ್ ಇನ್ನೂ ಕೆಂಪಗೆ ಕಾಯುತ್ತಿತ್ತು. ಬ್ಯಾಟರಿಯಿಂದ ಕರೆಂಟ್ ಹರಿಯುತ್ತಲೇ ಇತ್ತು. ಗಾಡಿ ಕೀ ಕಿಟಕಿ ಮೇಲೆ, ವೈರ್ ಕೆಂಡ. ಕೊನೆಗೆ ಪಕ್ಕಡದಿಂದ ಬ್ಯಾಟರಿಯ ನೆಗೆಟಿವ್ ವೈರ್ ಕತ್ತರಿಸಿದ ಮೇಲೆಯೇ ಅದು ನಿಂತಿದ್ದು.

ಸುಟ್ಟ ಕೈಗೆ ಪಕ್ಕದ ಮನೆಯ ಕಾಕು ಟೂತ್‌ಪೇಸ್ಟ್ ತಂದರು. ಇನ್ನೊಬ್ಬರು ಇಂಕ್ ಹಚ್ಚಿ ಅಂದರು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ದಯವಿಟ್ಟು ಏನೂ ಹಚ್ಚಬೇಡಿ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬೇಕು, ಅಷ್ಟೇ. ಐಸ್ ಕೂಡ ಬೇಡ. ಉಂಗುರ, ಕಡಗ, ವಾಚ್ ಇದ್ದರೆ ಬಾವು ಬರುವ ಮೊದಲೇ ತೆಗೆಯಿರಿ. ನಮ್ಮ ನಳಕ್ಕೆ ದಿನಾ ನೀರು ಬರುವುದಿಲ್ಲ. ಡ್ರಮ್ಮಿನಲ್ಲಿ ತುಂಬಿಟ್ಟ ನೀರನ್ನೇ ತಂಬಿಗೆಯಿಂದ ಸುರಿಯುತ್ತಾ ಕೂತೆವು, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೀರು ಹಾಕಿದ್ದು ಒಳ್ಳೆಯದಾಯಿತು ಅಂತ ಡಾಕ್ಟರ್ ಹೇಳಿದರು. ಈಗ ಗಾಯ ಮಾಯ್ದಿದೆ. ಚರ್ಮ ಇನ್ನೂ ಬಿಗಿಯಾಗಿದೆ, ಬಿಸಿಲಿಗೆ ಹೋದರೆ ಉರಿಯುತ್ತದೆ ಅಂತಾನೆ.

ಆಮೇಲೆ ಆ ಗಾಡಿಯ ವೈರಿಂಗ್ ಪೂರ್ತಿ ಬಿಚ್ಚಿ ನೋಡಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ಯಾಟರಿಯ ಪಾಸಿಟಿವ್ ಬೋಲ್ಟಿನ ಕೆಳಗೆ, ಕಂಪನಿಯ ದಪ್ಪ ವೈರಿನ ಜೊತೆ ಇನ್ನೊಂದು ತೆಳು ವೈರನ್ನು ತಿರುಚಿ ಸಿಕ್ಕಿಸಿದ್ದರು. ವೈರಿನ ತುದಿಗೆ ಲಗ್ (ಬೋಲ್ಟಿಗೆ ಕೂಡಿಸುವ ಲೋಹದ ಉಂಗುರ) ಕೂಡ ಇರಲಿಲ್ಲ. ಅಲ್ಲಿಂದ ಅದು ಸೀಟಿನ ಕೆಳಗೆ, ಟ್ಯಾಂಕಿನ ಕೆಳಗೆ ಹಾಯ್ದು ಹ್ಯಾಂಡಲ್ ಹತ್ತಿರದ ಸ್ವಿಚ್ಚಿಗೆ ಹೋಗುತ್ತಿತ್ತು. ನಡುವೆ ಫ್ಯೂಸ್ ಇಲ್ಲ. ರಿಲೇ ಅಂತ ಒಂದು ಕಪ್ಪು ಡಬ್ಬಿ ಕಟ್ಟಿದ್ದರು. ಅದಕ್ಕೆ ಒಂದು ವೈರೂ ಕೂಡಿಸಿರಲಿಲ್ಲ! ಸುಮ್ನೆ ತೋರಿಸಲಿಕ್ಕೆ ಕಟ್ಟಿದ್ದು. ವೈರ್ ಮನೆಯ ಸ್ಪೀಕರಿಗೆ ಹಾಕುವಂಥ ತೆಳು ವೈರ್. ಜಾಯಿಂಟ್‌ಗಳನ್ನು ಕೈಯಿಂದ ಹೊಸೆದು ಕರಿ ಟೇಪ್ ಸುತ್ತಿದ್ದರು, ಅಷ್ಟೇ. ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರ್ ಫ್ರೇಮಿಗೆ ಉಜ್ಜಿ ಉಜ್ಜಿ ಒಂದು ಕಡೆ ತಾಮ್ರ ಕಾಣುತ್ತಿತ್ತು. ಅಂದರೆ ನಾವು ಟ್ಯಾಂಕ್ ಮುಟ್ಟದೇ ಇದ್ದರೂ, ಇವತ್ತಲ್ಲ ನಾಳೆ ಅಲ್ಲೇ ಶಾರ್ಟ್ ಆಗುತ್ತಿತ್ತು. ಬಹುಶಃ ರಾತ್ರಿ, ಪಡಸಾಲೆಯಲ್ಲಿ. ಅದನ್ನು ನೆನೆದರೆ ನನಗೆ ಈಗಲೂ ನಿದ್ದೆ ಬರುವುದಿಲ್ಲ.

ಕಂಪನಿಯಿಂದ ಬಂದ ಗಾಡಿಯಲ್ಲಿ ಬ್ಯಾಟರಿ ದಾಟಿದ ತಕ್ಷಣ ಒಂದು ಮೇನ್ ಫ್ಯೂಸ್ ಇರುತ್ತದೆ. ಎಲ್ಲಾದರೂ ವೈರ್ ಫ್ರೇಮಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ, ಕರೆಂಟ್ ನಿಲ್ಲುತ್ತದೆ. ಲೈಟ್, ಹಾರ್ನ್ ಹೆಚ್ಚುಕಮ್ಮಿ ಎಲ್ಲಾ ಕೀ ದಾಟಿಯೇ ಹೋಗುವುದರಿಂದ ಕೀ ತೆಗೆದರೆ ಮುಗಿಯಿತು. ಮಿಸ್ತ್ರಿಗಳು ಕೀ ತೆಗೆದು ಕೆಲಸ ಶುರು ಮಾಡುವ ರೂಢಿ ಬಂದಿದ್ದು ಇದರಿಂದಲೇ. ಬ್ಯಾಟರಿಯಿಂದ ನೇರ ಎಳೆದ ವೈರಿಗೆ ಕೀ ಲೆಕ್ಕಕ್ಕೇ ಇಲ್ಲ. ಅದು ಹಗಲೂ ರಾತ್ರಿ ಜೀವಂತ. ಸ್ವಿಚ್ಚಿನವರೆಗೂ ಯಾವಾಗಲೂ 12 ವೋಲ್ಟ್ ಇರುತ್ತದೆ. 12 ವೋಲ್ಟ್ ಅಲ್ವಾ, ಕೈಗೆ ಶಾಕ್ ಹೊಡೆಯಲ್ಲ ಅಂತ ಜನ ಹಗುರ ಮಾಡುತ್ತಾರೆ. ಶಾಕ್ ಹೊಡೆಯಲ್ಲ, ನಿಜ. ಆದರೆ ಫ್ಯೂಸ್ ಇಲ್ಲದೆ ಶಾರ್ಟ್ ಆದರೆ ತೆಳು ವೈರನ್ನು ಕೆಂಪಗೆ ಕಾಯಿಸುವಷ್ಟು ಕರೆಂಟನ್ನು ಸಣ್ಣ ಬೈಕ್ ಬ್ಯಾಟರಿಯೂ ಕೊಡುತ್ತದೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹತ್ತುವಂಥ ವಸ್ತು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕೇಳಬೇಕಾ? ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ.

ಹಾಗಾಗಿ ಹಳೆ ಗಾಡಿ ನೋಡಲು ಹೋದಾಗ ಒಂದು ಪರೀಕ್ಷೆ ತಪ್ಪದೇ ಮಾಡಿ. ಕೀ ತೆಗೆದು ನಿಮ್ಮ ಕೈಯಲ್ಲಿ ಹಿಡಿದುಕೊಳ್ಳಿ. ಆಮೇಲೆ ಹೊರಗಿನಿಂದ ಹಾಕಿಸಿದ ಫಾಗ್ ಲೈಟ್, ಹಾರ್ನ್, ಚಾರ್ಜರ್ ಒಂದೊಂದೇ ಆನ್ ಮಾಡಿ. ಏನಾದರೂ ಕೆಲಸ ಮಾಡಿತು ಅಂದರೆ ಅದು ನೇರ ಬ್ಯಾಟರಿಯಿಂದ ಬಂದಿದೆ. ಆಮೇಲೆ ಸೀಟ್ ಎತ್ತಿಸಿ ಬ್ಯಾಟರಿ ನೋಡಿ. ಪಾಸಿಟಿವ್ ಬೋಲ್ಟಿಗೆ ಕಂಪನಿಯ ವೈರ್ ಬಿಟ್ಟು ಬೇರೆ ವೈರ್ ಇದ್ದರೆ, ಬೆರಳಿನಿಂದ ಅದನ್ನು ಹಿಡಿದು ಹೋಗಿ. ಒಂದು ಗೇಣಿನೊಳಗೆ ಫ್ಯೂಸ್ ಸಿಗಬೇಕು. ಸಿಗಲಿಲ್ಲ ಅಂದರೆ ಮಾರುವವನು ಏನೇ ಹೇಳಲಿ, ನಂಬಬೇಡಿ. ಮಲ್ಟಿಮೀಟರ್ ಇರುವವರು ಕೆಲವರು ಬ್ಯಾಟರಿ ಬಿಚ್ಚಿ ಆಂಪಿಯರ್ ನೋಡಿ, ಸೊನ್ನೆ ಇದೆ, ಎಲ್ಲಾ ಸರಿ ಇದೆ ಅಂತಾರೆ. ಲೈಟ್ ಸ್ವಿಚ್ ಆಫ್ ಇದ್ದಾಗ ಇಂಥ ವೈರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ, ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ನೋಡಬೇಕಾದದ್ದು ವೋಲ್ಟೇಜ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಹೊರಗಿನ ಸ್ವಿಚ್ಚಿಗೆ. ಕೀ ಆಫ್ ಇದ್ದಾಗಲೂ 12 ತೋರಿಸಿದರೆ ವಿಷಯ ಗೊತ್ತಾಯಿತಲ್ಲ.

ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಪಾಸಿಟಿವ್ ಮೊದಲು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಪಾನಾ ಫ್ರೇಮಿಗೆ ತಾಗಿದರೆ ಅದೇ ಒಂದು ಶಾರ್ಟ್. ನೆಗೆಟಿವ್ ಬಿಚ್ಚುವಾಗ ತಾಗಿದರೆ ಏನೂ ಆಗುವುದಿಲ್ಲ, ಯಾಕಂದರೆ ಫ್ರೇಮೇ ನೆಗೆಟಿವ್.

ಲೈಟ್ ಹಾಕಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಧಾರವಾಡದಿಂದ ಕಲಘಟಗಿ ಕಡೆ ರಾತ್ರಿ ಹೋದವರಿಗೆ ಬೆಳಕಿನ ಬೆಲೆ ಗೊತ್ತು. ಸರಿಯಾಗಿ ಹಾಕಿ. ಎರಡೂ ಲೈಟ್ ಸೇರಿ 60 ವ್ಯಾಟ್ ಅಂದರೆ, 60 ಅನ್ನು 12ರಿಂದ ಭಾಗಿಸಿ, 5 ಆಂಪಿಯರ್. ಕಂದು ಬಣ್ಣದ 7.5 ಅಥವಾ ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಸಾಕು. ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಲೈಟಿನ ಹತ್ತಿರ ಹಾಕಿದರೆ ನಡುವಿನ ವೈರನ್ನು ಯಾರು ಕಾಯಬೇಕು? ರಿಲೇಯ 30ನೇ ಕಾಲಿಗೆ ಫ್ಯೂಸ್ ದಾಟಿ ಬಂದ ಬ್ಯಾಟರಿ ವೈರ್, 87ಕ್ಕೆ ಲೈಟ್, 85 ಮತ್ತು 86ರಲ್ಲಿ ಒಂದು ಫ್ರೇಮಿಗೆ, ಇನ್ನೊಂದು ಸ್ವಿಚ್ ಮೂಲಕ ಕೀ ದಾಟಿ ಬರುವ ವೈರಿಗೆ. ಆಗ ಕೀ ತೆಗೆದರೆ ಲೈಟೂ ಆರುತ್ತದೆ. ವೈರ್ ತಗೊಳ್ಳುವಾಗ ಆಟೊ ವೈರ್ ಅಂತಲೇ ಕೇಳಿ, ಜಾಯಿಂಟಿಗೆ ಟೇಪ್ ಬದಲು ಕಾಯಿಸಿದರೆ ಬಿಗಿಯಾಗುವ ಸ್ಲೀವ್ ಹಾಕಿ. ಮತ್ತೆ, ಫ್ಯೂಸ್ ಪದೇಪದೇ ಹೋಗುತ್ತಿದೆ ಅಂತ 30 ಆಂಪಿಯರ್ ಹಾಕುವುದು, ಬೆಳ್ಳಿ ಕಾಗದ ಸುತ್ತುವುದು, ಇವನ್ನು ಯಾವ ಮಿಸ್ತ್ರಿ ಹೇಳಿದರೂ ಒಪ್ಪಬೇಡಿ. ಫ್ಯೂಸ್ ಹೋಗುತ್ತಿದೆ ಅಂದರೆ ಎಲ್ಲೋ ವೈರ್ ತಾಗುತ್ತಿದೆ, ಇಲ್ಲವೇ ಲೋಡ್ ಹೆಚ್ಚಾಗಿದೆ.

ಗಾಡಿ ಮಾರಿದ ಹುಡುಗನಿಗೆ ಫೋನ್ ಮಾಡಿದೆ. "ನನ್ನ ಕಡೆ ಇದ್ದಾಗ ಏನೂ ಆಗಿರಲಿಲ್ರೀ" ಅಂದ, ಆಮೇಲೆ ನಂಬರ್ ಬ್ಲಾಕ್ ಮಾಡಿದ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ ಇತ್ತು. ಥರ್ಡ್ ಪಾರ್ಟಿಯಲ್ಲಿ ನಮ್ಮದೇ ಗಾಡಿ ಸುಟ್ಟರೆ ಒಂದು ರೂಪಾಯಿಯೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಇರುವವರು ಹೊರಗಿನಿಂದ ಹಾಕಿಸಿದ ಸಾಮಾನನ್ನು ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ತಕರಾರು ಶುರುವಾಗುತ್ತದೆ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಅನುಮತಿ ಇಲ್ಲದೆ ಗಾಡಿಯ ಮೂಲ ರೂಪ ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ಬದಲಿಸಿದ್ದು ಹಳೆ ಮಾಲೀಕ ಅಂದರೂ ರಸ್ತೆಯಲ್ಲಿ ಹಿಡಿಯುವುದು ಈಗ ಓಡಿಸುತ್ತಿರುವ ನಿಮ್ಮನ್ನೇ.

ಮನೆಯಲ್ಲಿ ಗಾಡಿ ಕೆಲಸ ಮಾಡುವವರು ಬೆಂಕಿ ಆರಿಸುವ ಒಂದು ಕೆಜಿಯ ಪೌಡರ್ ಸಿಲಿಂಡರ್, ಎಬಿಸಿ ಅಂತ ಬರೆದಿರುವುದು, ತಂದಿಟ್ಟುಕೊಳ್ಳಿ. ಈಗ ನಮ್ಮ ಅಂಗಳದ ಗೋಡೆಗೆ ಒಂದನ್ನು ನೇತುಹಾಕಿದ್ದೇವೆ, ಪಕ್ಕದಲ್ಲಿ ಒಂದು ಬಕೆಟ್ ಉಸುಕು. ಟ್ಯಾಂಕ್ ಬಿಚ್ಚುವ ಕೆಲಸ ಪಡಸಾಲೆಯಲ್ಲಿ, ಅಡುಗೆಮನೆ ಹತ್ತಿರ ಬೇಡವೇ ಬೇಡ. ಬೆಂಕಿ ಕೈಮೀರಿದರೆ ಗಾಡಿ ಆಸೆ ಬಿಟ್ಟು ಜನರನ್ನು ಹೊರಗೆ ಕಳಿಸಿ, 112ಕ್ಕೆ ಇಲ್ಲವೇ 101ಕ್ಕೆ ಫೋನ್ ಮಾಡಿ.

ಈಗಾಗಲೇ ಇಂಥ ಗಾಡಿ ನಿಮ್ಮ ಮನೆಯೊಳಗೆ ನಿಲ್ಲುತ್ತಿದ್ದರೆ, ವೈರಿಂಗ್ ಸರಿಮಾಡಿಸುವವರೆಗೆ ದಿನಾ ರಾತ್ರಿ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಒಂದು ಸ್ಕ್ರೂಡ್ರೈವರ್ ಅಥವಾ 10 ನಂಬರ್ ಪಾನಾ ಇದ್ದರೆ ಎರಡು ನಿಮಿಷದ ಕೆಲಸ.