ನೆಲ್ಯಾಡಿ ಬಳಿಯ ಮೀನೂಟದ ಹೋಟೆಲ್: ಕಂಟೈನರ್ ಚಾಲಕನ ಲೆಕ್ಕ

ಶಿರಾಡಿ ಘಾಟಿ ಇಳಿದು, ಗುಂಡ್ಯ ದಾಟಿ ನೆಲ್ಯಾಡಿಯತ್ತ ಬರುವಾಗ ಎಡಗಡೆ ಸಿಗುವ ಈ ಹೋಟೆಲಿನ ಬಗ್ಗೆ ಕಾರಿನವರೆಲ್ಲ ಬರೆದಿರುವುದು ಬಂಗುಡೆ ಫ್ರೈ ಕುರಿತು. ಹಿತ್ತಲಿನ ಗೋಡೆಯನ್ನು ಒಬ್ಬರೂ ನೋಡಿಲ್ಲ. ಹಾಸನದಿಂದ ನವಮಂಗಳೂರು ಬಂದರಿಗೆ ಕಾಫಿ ಕಂಟೈನರ್ ಸಾಗಿಸುವ ನಾನು ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿರುವುದು ಆ ಗೋಡೆಗೆ.

ಇಪ್ಪತ್ತು ಅಡಿಯ ಬಾಕ್ಸಿಗೆ, ಅಂದರೆ ಕಂಟೈನರಿಗೆ, 60 ಕೆ.ಜಿ.ಯ 320 ಮೂಟೆ ಹಿಡಿಸುತ್ತವೆ. 19 ಟನ್ನಿಗೂ ಮೇಲಾಯಿತು. ಬಾಗಿಲಿಗೆ ಬೋಲ್ಟ್ ಸೀಲ್, ಅಂದರೆ ಕತ್ತರಿಸದೆ ತೆಗೆಯಲಾಗದ ಸಂಖ್ಯೆಯ ಬೀಗ, ಬಿದ್ದ ಮೇಲೆ ಒಳಗೆ ಇಣುಕುವ ಹಕ್ಕು ನಮಗಿಲ್ಲ. ಬಂದರಿನಲ್ಲಿ ಸೀಲಿನ ಸಂಖ್ಯೆ ಕಾಗದದೊಂದಿಗೆ ತಾಳೆಯಾಗದಿದ್ದರೆ ಮಾತ್ರ ಮೊದಲು ನಿಲ್ಲಿಸಿ ಕೇಳುವುದು ನಮ್ಮನ್ನೇ. ಹೆದ್ದಾರಿ ಬದಿಯಲ್ಲಿ ಮಲಗಿದರೆ ಸಣ್ಣ ಸದ್ದಿಗೂ ಎದ್ದು ಹಿಂದಕ್ಕೆ ಓಡಬೇಕು. ಇಲ್ಲಿ ಅಂಗಳದ ಕೊನೆಗೆ ಎತ್ತರದ ಕೆಂಪುಕಲ್ಲಿನ ಗೋಡೆಯಿದೆ. ಟ್ರೈಲರನ್ನು ರಿವರ್ಸ್ ತಂದು ಬಾಗಿಲಿಗೂ ಗೋಡೆಗೂ ನಡುವೆ ಗೇಣು ಜಾಗ ಉಳಿಸಿದರೆ ಮುಗಿಯಿತು, ಯಾರಪ್ಪನಿಂದಲೂ ಆ ಬಾಗಿಲು ತೆರೆಯಲಾಗದು. ಕಾವಲಿನ ಅಜ್ಜ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತು, "ಬರಲಿ, ಬರಲಿ, ಇನ್ನು ನಾಲ್ಕು ಬೆರಳು... ಸಾಕು ಡ್ರೈವರೇ" ಎಂದು ಬಾಕ್ಸಿಗೆ ಎರಡು ಬಾರಿ ಬಡಿಯುತ್ತಾರೆ. ಕ್ಲೀನರ್ ಇಲ್ಲದೆ ಓಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಕೊಟ್ಟರೆ ಒಂದು ಕಟ್ಟು ಬೀಡಿ ತೆಗೆದುಕೊಳ್ಳುತ್ತಾರೆ, ದುಡ್ಡು ಮುಟ್ಟುವುದಿಲ್ಲ.

ಘಾಟಿ ಇಳಿದ ಗಾಡಿಯ ಬ್ರೇಕ್ ಡ್ರಮ್ ಆರಲಿಕ್ಕೂ ಇದು ಸರಿಯಾದ ಜಾಗ. ಕೆಲವು ಹೊಸ ಹುಡುಗರು ಅವಸರಕ್ಕೆ ಕಾದ ಡ್ರಮ್ಮಿಗೆ ನೀರು ಹೊಯ್ಯುತ್ತಾರೆ. ಬಿರುಕು ಬಿಟ್ಟ ಮೇಲೆ ಮಾಲೀಕನ ಬೈಗುಳ ತಿನ್ನುತ್ತಾರೆ. ಅದರ ಬದಲು ಒಳಗೆ ಹೋಗಿ ಊಟವನ್ನಾದರೂ ತಿನ್ನಬಹುದು.

ಊಟ ಪರವಾಗಿಲ್ಲ. ಬಂಗುಡೆ ತಾಜಾ, ಸಾರಿಗೆ ಹುಳಿ ಸ್ವಲ್ಪ ಮುಂದು. ಅರಸೀಕೆರೆ ಕಡೆಯವನಾದ ನನಗೆ ಕುಚ್ಚಲಕ್ಕಿ ಅನ್ನ ಇನ್ನೂ ಒಗ್ಗಿಲ್ಲ. ಮುದ್ದೆ ಕೇಳಿದರೆ ನಗುತ್ತಾರೆ. ಬೆಳಗಿನ ಬನ್ಸ್ ಮಾತ್ರ ಬಿಡಬೇಡಿ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಘಾಟಿ ಮುಚ್ಚಿದಾಗ, ಖಾಲಿ ಬಾಕ್ಸ್ ಹೊತ್ತು ಮೇಲೆ ಹೊರಟಿದ್ದ ನಾವೆಲ್ಲ ಇಲ್ಲೇ ಬಿದ್ದಿದ್ದೆವು. ಆಗಲೂ ಊಟದ ದರ ಒಂದು ರೂಪಾಯಿ ಏರಲಿಲ್ಲ. ಗಲ್ಲಾದಲ್ಲಿ ಕೂರುವ ಅಕ್ಕನಿಗೆ ಅದಕ್ಕಾಗಿ ಒಂದು ನಮಸ್ಕಾರ.

ಒಂದು ನಕ್ಷತ್ರ ಕಳೆದದ್ದು ಏಕೆಂದರೆ, ಅಷ್ಟು ಗಾಡಿಗಳಿಗೆ ಸ್ನಾನದ ಕೋಣೆ ಒಂದೇ, ಅದರ ಚಿಲಕವೂ ಸರಿಯಿಲ್ಲ. ಅಂಗಳದ ಎಡಭಾಗಕ್ಕೆ ಜಲ್ಲಿ ಹಾಕಿಲ್ಲ. ಮಳೆಗಾಲದಲ್ಲಿ ತುಂಬಿದ ಗಾಡಿ ಅಲ್ಲಿ ಹೂತರೆ ಕ್ರೇನ್ ತರಿಸಬೇಕು. ಕೇಳಿದಾಗಲೆಲ್ಲ ಅಕ್ಕನದು ಒಂದೇ ಉತ್ತರ: "ಈ ಮಳೆ ಕಳೆಯಲಿ ಅಣ್ಣ, ಹಾಕಿಸುತ್ತೇವೆ."

ಗೋಡೆಯ ಸಾಲು ರಾತ್ರಿ ಒಂಬತ್ತಕ್ಕೆಲ್ಲ ತುಂಬಿಬಿಡುತ್ತದೆ, ಬೇಗ ಬನ್ನಿ. ಒಂಬತ್ತೂವರೆ ಅಡಿ ಎತ್ತರದ ಹೈಕ್ಯೂಬ್ ಕಂಟೈನರ್ ತರುವವರು ಗೇಟಿನಲ್ಲಿ ಒಮ್ಮೆ ಇಳಿದು ಮೇಲೆ ನೋಡಿ. ಅಲಂಕಾರದ ದೀಪದ ಸರ ಕೆಳಕ್ಕೆ ಜೋತಿದೆ. ಅಜ್ಜನನ್ನು ಕರೆದರೆ ಬಿದಿರಿನ ಗಳದಿಂದ ಎತ್ತಿ ಹಿಡಿಯುತ್ತಾರೆ.