ಸ್ಪೆಕ್ಟ್ರಮ್ ಕೊಂಡೆ, ಕಮೊಡೋರ್ ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ: ಈಗ ನನ್ನ ಮೇಜಿನ ಮೇಲಿರುವುದು ಕಮೊಡೋರ್ 64. ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಪಾಟು ಸೇರಿದೆ. ಎರಡೂ 1982ರಲ್ಲಿ ಮಾರಾಟಕ್ಕೆ ಬಂದ ಮನೆಬಳಕೆಯ ಕಂಪ್ಯೂಟರ್‌ಗಳು. ಎರಡನ್ನೂ ನಾನು ಕೊಂಡದ್ದು ಅವುಗಳ ವಯಸ್ಸು ನಲವತ್ತು ದಾಟಿದ ಮೇಲೆ. ಇವುಗಳ ಜೊತೆಗೆ ಕಾಸು ಖರ್ಚಿಲ್ಲದ ಮೂರನೆಯ ದಾರಿಯೂ ಇದೆ, ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ, ಎಮ್ಯುಲೇಟರ್. ಮೂರನ್ನೂ ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂಬ ಲೆಕ್ಕ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ನನ್ನ ತಕರಾರು ಇರುವುದು ಕೀಲಿಮಣೆಯ ಬಗ್ಗೆ. ಆಟವಷ್ಟೇ ಆಡುವವರಿಗೆ ಇದು ದೊಡ್ಡ ವಿಷಯವಲ್ಲ. ನಾನು ರಾತ್ರಿ ಅರ್ಧ ಗಂಟೆ ಕುಳಿತು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಟ್ಟ ಪುಟ್ಟ ಪ್ರೋಗ್ರಾಮ್ ಬರೆಯುವವನು; ನನಗೆ ಇದೇ ಎಲ್ಲ.

ಸ್ಪೆಕ್ಟ್ರಮ್ ಮೊದಲು ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ, ಬೂದು ಬಣ್ಣದ ರಬ್ಬರ್ ಕೀಲಿಗಳು, ಮೂಲೆಯಲ್ಲಿ ಓರೆಯಾಗಿ ಹಾದುಹೋಗುವ ಬಣ್ಣದ ಪಟ್ಟೆ. ನೋಡಿದವರೆಲ್ಲ ಕೈಗೆತ್ತಿಕೊಳ್ಳುವ ವಸ್ತು. ಅದರ ಬೇಸಿಕ್ ಕೂಡ ಚೆಂದ. ಆದೇಶಗಳನ್ನು ಅಕ್ಷರ ಅಕ್ಷರವಾಗಿ ಬೆರಳಚ್ಚಿಸಬೇಕಾಗಿಲ್ಲ. ಪಿ ಒತ್ತಿದರೆ 'ಪ್ರಿಂಟ್' ಎಂಬ ಇಡೀ ಪದ ಬರುತ್ತದೆ, ಜೆ ಒತ್ತಿದರೆ 'ಲೋಡ್', ಬಿ ಒತ್ತಿದರೆ 'ಬಾರ್ಡರ್'. ಸಾಲು ತಪ್ಪಿದ್ದರೆ ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ತಪ್ಪಿದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದು ಮಿಣುಕುತ್ತದೆ. ಗೆರೆ ಎಳೆಯಲು, ವೃತ್ತ ಬರೆಯಲು, ಸದ್ದು ಮಾಡಲು ಬೇರೆ ಬೇರೆ ಆದೇಶಗಳಿವೆ. ಭಾಷೆಯ ಮಟ್ಟಿಗೆ ಸ್ಪೆಕ್ಟ್ರಮ್ ಕಮೊಡೋರನ್ನು ಸುಲಭವಾಗಿ ಸೋಲಿಸುತ್ತದೆ.

ಎರಡು ವಾರ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ನನಗೆ ಬುದ್ಧಿ ಬಂತು. ಹಳೆಯ ಕೆಪಾಸಿಟರ್‌ಗಳನ್ನು ಬದಲಿಸುವುದು ಒಳ್ಳೆಯದು ಎಂದು ಎಲ್ಲೋ ಓದಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಸ್ಪೆಕ್ಟ್ರಮ್‌ನ ಮೇಲಿನ ಅರ್ಧವನ್ನು ಎತ್ತಿದರೆ ಕೀಲಿಮಣೆಯಿಂದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಇಳಿದು ಬೋರ್ಡಿನ ಸಾಕೆಟ್‌ಗಳಿಗೆ ಹೋಗಿರುವುದು ಕಾಣುತ್ತದೆ. ವೈರ್ ಅಲ್ಲ, ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿದ ಗೆರೆಗಳು. ಒಂದರಲ್ಲಿ ಐದು ಗೆರೆ, ಇನ್ನೊಂದರಲ್ಲಿ ಎಂಟು. ಐದೆಂಟಲ ನಲವತ್ತು, ಕೀಲಿಗಳೂ ನಲವತ್ತೇ. ರಬ್ಬರ್ ಹಾಳೆಯ ಕೆಳಗಿದ್ದು ಕೀಲಿ ಒತ್ತಿದ್ದನ್ನು ಗ್ರಹಿಸುವ ತೆಳು ಪ್ಲಾಸ್ಟಿಕ್ ಹಾಳೆಯ, ಅಂದರೆ ಮೆಂಬ್ರೇನ್‌ನ, ಬಾಲಗಳು ಇವು. ನಲವತ್ತು ವರ್ಷ ಯಂತ್ರದ ಬಿಸಿ ತಿಂದು ಒಣಗಿದ ಎಲೆಯಂತಾಗಿರುತ್ತವೆ. ಎಳೆದು ತೆಗೆದಾಗ ಏನೂ ಆಗಲಿಲ್ಲ. ಕೆಪಾಸಿಟರ್ ಕೆಲಸ ಮುಗಿಸಿ ಮತ್ತೆ ಸಿಕ್ಕಿಸುವಾಗ ಕಿರುಗುಟ್ಟಿದ ಸಣ್ಣ ಸದ್ದು ಕೇಳಿಸಿತು. ಕೇಳಿಸಿದರೂ ಕೇಳಿಸದವನಂತೆ ಮುಚ್ಚಳ ಹಾಕಿದೆ.

ಪರದೆಯ ಕೆಳಗೆ 1982ರ ಹಕ್ಕುಸ್ವಾಮ್ಯದ ಸಾಲು ಎಂದಿನಂತೆ ಬಂತು. ಪಿ ಒತ್ತಿದೆ, ಏನೂ ಇಲ್ಲ. ಜೆ ಒತ್ತಿದೆ, 'ಲೋಡ್' ಬಂತು. ಸಮಾಧಾನವಾಯಿತು. ಆದರೆ ಅದರ ಮುಂದೆ ಹಾಕಬೇಕಾದ ಉದ್ಧರಣ ಚಿಹ್ನೆ ಇರುವುದೂ ಪಿ ಕೀಲಿಯ ಮೇಲೆಯೇ. ಹೋಗಲಿ ಎಂದರೆ ಎಂಟರ್ ಕೂಡ ಸತ್ತಿತ್ತು. ಕಾಗದ ಹಿಡಿದು ಒಂದೊಂದಾಗಿ ಒತ್ತಿ ಬರೆದುಕೊಂಡೆ: 1, ಕ್ಯೂ, ಎ, ಕ್ಯಾಪ್ಸ್ ಶಿಫ್ಟ್ ಎಡ ಅಂಚಿನಲ್ಲಿ, 0, ಪಿ, ಎಂಟರ್, ಸ್ಪೇಸ್ ಬಲ ಅಂಚಿನಲ್ಲಿ. ಎಂಟು ಕೀಲಿಗಳು, ಎಲ್ಲವೂ ಸಾಲಿನ ಕೊನೆಯವು. ಐದು ಗೆರೆಯ ಪಟ್ಟಿಯಲ್ಲಿ ಒಂದು ಗೆರೆ ತುಂಡಾದರೆ ಆಗುವುದು ಹೀಗೆಯೇ. ಎಂಟು ಗೆರೆಯ ಪಟ್ಟಿಯಲ್ಲಿ ತುಂಡಾಗಿದ್ದರೆ ಅಕ್ಕಪಕ್ಕದ ಐದು ಕೀಲಿಗಳು ಒಟ್ಟಿಗೆ ಹೋಗುತ್ತಿದ್ದವು. ಯಾವ ಗೆರೆ ಮುರಿದಿದೆ ಎಂದು ಸತ್ತ ಕೀಲಿಗಳೇ ಹೇಳುತ್ತವೆ. ಆ ಹೊತ್ತಿನಲ್ಲಿ ಈ ಜಾಣತನ ನನಗೇನೂ ಖುಷಿ ಕೊಡಲಿಲ್ಲ.

ಇದಕ್ಕೊಂದು ಹಳೆಯ ಉಪಾಯವಿದೆ. ಬಿರುಕು ಬಿಟ್ಟ ತುದಿಯನ್ನು ಕತ್ತರಿಯಿಂದ ಎರಡು ಮೂರು ಮಿಲಿಮೀಟರ್ ನೇರವಾಗಿ ಕತ್ತರಿಸಿ, ಉಳಿದದ್ದನ್ನು ಸಾಕೆಟ್‌ಗೆ ತಳ್ಳುವುದು. ಮಾಡಿದೆ. ಎಂಟೂ ಕೀಲಿಗಳಿಗೆ ಜೀವ ಬಂತು. ನಾಲ್ಕನೆಯ ದಿನ ವೈ, ಯು, ಐ, ಓ, ಪಿ ಒಟ್ಟಿಗೆ ಹೋದವು. ಈ ಸಲ ಬಿರುಕು ತುದಿಯಲ್ಲಿರಲಿಲ್ಲ, ಪಟ್ಟಿ ಬಾಗುವ ಜಾಗದಲ್ಲಿತ್ತು. ಅಲ್ಲಿಗೆ ಕತ್ತರಿಸಿದರೆ ಬಾಲ ಬೋರ್ಡನ್ನು ಮುಟ್ಟುವುದಿಲ್ಲ.

ಹೊಸ ಮೆಂಬ್ರೇನ್ ಈಗಲೂ ತಯಾರಾಗುತ್ತದೆ, ತರಿಸಿದೆ. ಆದರೆ ಹಳೆಯದನ್ನು ತೆಗೆಯಲು ಮೇಲಿನ ಲೋಹದ ತಗಡನ್ನು ಬಿಡಿಸಬೇಕು. ಅದು ಅಂಟಿನ ಮೇಲೆ ಕೂತಿರುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ, ತೆಳುವಾದ ಪ್ಲಾಸ್ಟಿಕ್ ತುಂಡನ್ನು ಅಂಚಿನಲ್ಲಿ ತೂರಿಸಿ, ನಿಧಾನವಾಗಿ ಎಬ್ಬಿಸಬೇಕು ಎಂಬುದು ಗೊತ್ತಿದ್ದೂ ಬಲ ಮೂಲೆಯಲ್ಲಿ ಅವಸರ ಮಾಡಿದೆ. ತಗಡು ದೋಣಿಯ ಮೂತಿಯಂತೆ ಮೇಲೆದ್ದಿತು. ದಪ್ಪ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಇಟ್ಟರೂ ಆ ಮೂಲೆ ಇಂದಿಗೂ ಬೆಳಕಿಗೆ ಹಿಡಿದರೆ ಅಲೆಯಾಗಿ ಕಾಣುತ್ತದೆ. ಕೀಲಿಗಳು ಮಾತ್ರ ನಲವತ್ತೂ ಸರಿಯಾಗಿವೆ.

ಇದನ್ನು ತಯಾರಕರ ಮೇಲೆ ಹೊರಿಸುತ್ತಿಲ್ಲ. 48ಕೆ (48 ಕಿಲೋಬೈಟ್ ಮೆಮೊರಿಯ) ಮಾದರಿಯನ್ನು 175 ಪೌಂಡಿಗೆ ಮಾರಬೇಕಾಗಿದ್ದವರು ನಲವತ್ತು ವರ್ಷ ಬಾಳುವ ಕೀಲಿಮಣೆ ಹಾಕಬೇಕಿತ್ತು ಎನ್ನಲು ನಾನು ಯಾರು? ಆದರೆ ಆ ಮೇಲೆ ಸ್ಪೆಕ್ಟ್ರಮ್ ತೆರೆಯಬೇಕೆಂದರೆ ನನ್ನ ಕೈ ತಡೆಯುತ್ತದೆ. ಹಳೆಯ ಯಂತ್ರವನ್ನು ತೆರೆಯಲು ಹೆದರುವವನು ಅದನ್ನು ಇಟ್ಟುಕೊಂಡು ಏನು ಮಾಡಬೇಕು?

ಕಮೊಡೋರ್ 64 ಕೊಳ್ಳುವಾಗ ಮೊದಲು ಕೇಳಿದ ಪ್ರಶ್ನೆ ಇದೇ: ಕೀಲಿಮಣೆಯ ಬಾಲ ಎಂಥದು? ಸಾಮಾನ್ಯ ವೈರುಗಳ ಗೊಂಚಲು, ತುದಿಯಲ್ಲಿ ಪ್ಲಗ್. ಎಷ್ಟು ಸಲ ಬೇಕಾದರೂ ತೆಗೆದು ಹಾಕಬಹುದು. ಕೀಲಿಗಳು 66, ಟೈಪ್‌ರೈಟರಿನಂತೆ ಒಳಗಿಳಿದು ಮೇಲೆ ಬರುವಂಥವು. ಬಂದಾಗ ಅರ್ಧಕ್ಕರ್ಧ ಕೀಲಿಗಳನ್ನು ಹೆಬ್ಬೆರಳಿನಿಂದ ಅದುಮಬೇಕಿತ್ತು. ಒಂದು ಭಾನುವಾರ ಹಿಂದಿನ ಹಿಡಿ ತುಂಬ ಪುಟ್ಟ ಸ್ಕ್ರೂಗಳನ್ನು ಬಿಚ್ಚಿ, ಶಿಫ್ಟ್ ಲಾಕ್‌ನ ಎರಡು ವೈರುಗಳ ಬೆಸುಗೆ ಬಿಡಿಸಿ, ಒಳಗಿನ ಫಲಕವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಪ್ಪಾಯಿತು. ಒಂದು ಸ್ಪ್ರಿಂಗ್ ಹಾರಿ ಸೋಫಾದ ಅಡಿ ಸೇರಿತು, ಸಿಕ್ಕಿತು. ಅಷ್ಟೇ. ಅಂದಿನಿಂದ ಒಂದು ಕೀಲಿಯೂ ಮುನಿಸಿಕೊಂಡಿಲ್ಲ.

ದೂರುಗಳಿವೆ. ಬಾಣದ ಕೀಲಿ ಎರಡೇ. ಮೇಲಕ್ಕೆ, ಎಡಕ್ಕೆ ಹೋಗಲು ಶಿಫ್ಟ್ ಹಿಡಿಯಬೇಕು. ಬೇಸಿಕ್ ಅಂತೂ ಬಡವರದ್ದು: ಚಿತ್ರಕ್ಕಾಗಲಿ ಸಂಗೀತಕ್ಕಾಗಲಿ ಒಂದು ಆದೇಶವೂ ಇಲ್ಲ, ಅಂಚಿನ ಬಣ್ಣ ಕಪ್ಪಾಗಬೇಕಾದರೂ ಮೆಮೊರಿಯ ವಿಳಾಸವೊಂದಕ್ಕೆ ನೇರವಾಗಿ ಸಂಖ್ಯೆ ಹಾಕುವ 'ಪೋಕ್ 53280,0' ಎಂಬ ಆದೇಶ ಬರೆಯಬೇಕು. ಮೂರು ಧ್ವನಿಗಳ ಅಷ್ಟು ಒಳ್ಳೆಯ ಸಿಡ್ ಎಂಬ ಸದ್ದಿನ ಚಿಪ್ ಒಳಗಿದ್ದೂ ಒಂದು ಸ್ವರ ಹೊರಡಿಸಲು 54272ರಿಂದ ಮುಂದಿನ ವಿಳಾಸಗಳಿಗೆ ಸಂಖ್ಯೆ ತುಂಬುತ್ತಾ ಕೂರಬೇಕು. ವಿಚಿತ್ರವೆಂದರೆ ಈ ಕಷ್ಟ ನನಗೆ ಹಿಡಿಸಿತು. ಯಂತ್ರದ ಯಾವ ಮೂಲೆಯಲ್ಲಿ ಏನಿದೆ ಎಂದು ಬೆರಳಿಗೆ ಗೊತ್ತಾಗುತ್ತಾ ಬಂತು. ಜೊತೆಗೆ ಪರದೆಯ ಯಾವುದೇ ಸಾಲಿಗೆ ಕರ್ಸರ್ ಒಯ್ದು ತಿದ್ದಿ ರಿಟರ್ನ್ ಒತ್ತಿದರೆ ಸಾಲು ಬದಲಾಗುತ್ತದೆ. ಇದರ ರುಚಿ ಹತ್ತಿದ ಮೇಲೆ ಸ್ಪೆಕ್ಟ್ರಮ್‌ನಲ್ಲಿ ಸಾಲನ್ನು ಕೆಳಗಿಳಿಸಿಕೊಂಡು ತಿದ್ದುವುದು ಬೇಸರ.

ವಿದ್ಯುತ್ ಪೆಟ್ಟಿಗೆಯ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಕಮೊಡೋರ್ ಜೊತೆ ಬರುವ ಇಟ್ಟಿಗೆಯಂಥ ಪೆಟ್ಟಿಗೆಯ ಒಳಗಿನ 5 ವೋಲ್ಟ್ ರೆಗ್ಯುಲೇಟರ್ ಮುಪ್ಪಾದಾಗ ವೋಲ್ಟೇಜನ್ನು ಏರಿಸಿ ಮೆಮೊರಿ ಚಿಪ್‌ಗಳನ್ನು ಸುಡಬಲ್ಲದು. ಯಂತ್ರಕ್ಕೆ ಚುಚ್ಚಿ ಪರೀಕ್ಷಿಸಲು ಹೋಗಬೇಡಿ. ನಾನು ಹೊಸದನ್ನೇ ಕೊಂಡೆ. ಬಜೆಟ್ಟಿನಲ್ಲಿ ಇದನ್ನು ಯಂತ್ರದ ಬೆಲೆಗೇ ಸೇರಿಸಿಕೊಳ್ಳಿ.

ಪರದೆ: ಕಮೊಡೋರ್ ಹಿಂದಿನ ದುಂಡು ಸಾಕೆಟ್‌ನಿಂದ ವೀಡಿಯೊ ನೇರವಾಗಿ ಸಿಗುತ್ತದೆ. ಸ್ಪೆಕ್ಟ್ರಮ್ ಆಂಟೆನಾ ಸಂಕೇತವನ್ನು ಮಾತ್ರ ಕೊಡುತ್ತದೆ, ಸ್ವಲ್ಪ ಬೆಸುಗೆ ಹಾಕದೆ ಇಂದಿನ ಎಷ್ಟೋ ಟಿವಿಗಳಲ್ಲಿ ಕಾಣುವುದಿಲ್ಲ.

ಸಂಗ್ರಹಕ್ಕೆ ಕ್ಯಾಸೆಟ್ ಮೋಹ ನನಗಿಲ್ಲ. ಸ್ಪೆಕ್ಟ್ರಮ್‌ನ 48ಕೆ ಆಟವೊಂದು ಟೇಪಿನಿಂದ ಏರಲು ಸುಮಾರು ಐದು ನಿಮಿಷ ಬೇಕು; ಅಂಚಿನಲ್ಲಿ ಓಡುವ ನೀಲಿ, ಹಳದಿ ಪಟ್ಟೆಗಳು ಮೊದಲ ಮೂರು ಸಲ ಚೆಂದ. ಕಮೊಡೋರ್‌ನ 1541 ಡಿಸ್ಕ್ ಡ್ರೈವ್ ಸೆಕೆಂಡಿಗೆ ಸುಮಾರು 400 ಬೈಟ್ ತರುವ ಆಮೆ, ಗಾತ್ರದಲ್ಲಿ ಮಾತ್ರ ಮೇಜಿನ ಕಾಲು ಭಾಗ. ಎರಡೂ ಬೇಡವೆಂದು ಎಸ್‌ಡಿ ಕಾರ್ಡ್ ಓದುವ ಎಸ್‌ಡಿ2ಐಇಸಿ ಹಾಕಿಕೊಂಡಿದ್ದೇನೆ. ಡ್ರೈವಿನ ಒಳಗಿನ ಪ್ರೊಸೆಸರನ್ನೇ ದುಡಿಸಿಕೊಳ್ಳುವ ಕೆಲವು ಆಟಗಳು ಇದರಲ್ಲಿ ಏಳುವುದಿಲ್ಲ. ನನ್ನ ಪ್ರೋಗ್ರಾಮ್‌ಗಳಿಗೆ ಧಾರಾಳ ಸಾಕು.

ಇನ್ನು ಎಮ್ಯುಲೇಟರ್. ಕಮೊಡೋರ್‌ಗೆ ವೈಸ್, ಸ್ಪೆಕ್ಟ್ರಮ್‌ಗೆ ಫ್ಯೂಸ್; ಎರಡೂ ಉಚಿತ, ಎರಡೂ ಅದ್ಭುತ. ಆಟವಾಡಬೇಕೆನಿಸಿದಾಗ ನಾನೂ ಅಲ್ಲಿಗೇ ಹೋಗುತ್ತೇನೆ. ಪ್ರೋಗ್ರಾಮ್ ಬರೆಯಲು ಕುಳಿತಾಗ ಮಾತ್ರ ತಲೆ ಕೆಡುತ್ತದೆ. ಕಮೊಡೋರ್‌ನಲ್ಲಿ ಉದ್ಧರಣ ಚಿಹ್ನೆ ಇರುವುದು ಶಿಫ್ಟ್ ಮತ್ತು 2ರಲ್ಲಿ. ಕೀಲಿಗಳ ಸ್ಥಾನವನ್ನು ಅನುಸರಿಸುವ ವ್ಯವಸ್ಥೆ ಇಟ್ಟುಕೊಂಡರೆ ಲ್ಯಾಪ್‌ಟಾಪಿನ ಕೀಲಿಯ ಮೇಲೆ ಮುದ್ರಿಸಿದ್ದು ಸುಳ್ಳಾಗುತ್ತದೆ. ಮುದ್ರಿಸಿದ್ದನ್ನು ಅನುಸರಿಸಿದರೆ ಬೆರಳುಗಳು ಕಲಿತದ್ದು ಸುಳ್ಳಾಗುತ್ತದೆ. ಕಮೊಡೋರ್‌ನ ರಿಸ್ಟೋರ್ ಕೀಲಿ ಲ್ಯಾಪ್‌ಟಾಪಿನ ಪೇಜ್ ಅಪ್‌ನಲ್ಲಿ ಅಡಗಿದೆ ಎಂದು ತಿಳಿಯುವ ಹೊತ್ತಿಗೆ ನನ್ನ ಅರ್ಧ ಗಂಟೆ ಮುಗಿದಿತ್ತು. ಗೆಳೆಯರೊಬ್ಬರ ಮಿಸ್ಟರ್ ಪೆಟ್ಟಿಗೆಯನ್ನೂ ಒಂದು ವಾರಾಂತ್ಯ ನೋಡಿದೆ. ಹಳೆಯ ಚಿಪ್‌ಗಳ ವರ್ತನೆಯನ್ನು ಎಫ್‌ಪಿಜಿಎ ಎಂಬ, ಬೇಕಾದಂತೆ ಮರುಜೋಡಿಸಬಹುದಾದ ಚಿಪ್‌ನ ಒಳಗೆ ಕಟ್ಟಿಕೊಡುವ ಅದರ ಚಿತ್ರ, ಸದ್ದು ಎಲ್ಲ ಸೊಗಸು. ಅದಕ್ಕೂ ಚುಚ್ಚಬೇಕಾದದ್ದು ಇಂದಿನ ಯುಎಸ್‌ಬಿ ಕೀಲಿಮಣೆಯನ್ನೇ.

ಒಂದೇ ಯಂತ್ರಕ್ಕೆ ಹಣವಿದ್ದು, ಬರೆಯುವ ಚಟವಿದ್ದರೆ ಕಮೊಡೋರ್ 64 ಕೊಳ್ಳಿ. ಆಟಕ್ಕಷ್ಟೇ ಆದರೆ ಏನನ್ನೂ ಕೊಳ್ಳಬೇಡಿ, ಎಮ್ಯುಲೇಟರ್ ಇಳಿಸಿಕೊಳ್ಳಿ. ಸ್ಪೆಕ್ಟ್ರಮ್ ಬೇಕೇ ಬೇಕು ಎನ್ನುವವರು ಹೊಸ ಮೆಂಬ್ರೇನ್ ಹಾಕಿದ್ದನ್ನು ಕೇಳಿ ಪಡೆಯಿರಿ. ನಲವತ್ತೂ ಕೀಲಿಗಳನ್ನು ಮಾರುವವರ ಎದುರೇ ಒತ್ತಿ ನೋಡಿ.

ನನ್ನದನ್ನು ಮಾರಿಲ್ಲ. ಅಕ್ಕನ ಮಗಳು ಬಂದಾಗ ಕಪಾಟಿನಿಂದ ಇಳಿಯುತ್ತದೆ. ಅವಳು ಕಮೊಡೋರನ್ನು ಕಣ್ಣೆತ್ತಿಯೂ ನೋಡುವುದಿಲ್ಲ; ಬಿ ಒತ್ತಿ, ಒಂದು ಅಂಕಿ ಹಾಕಿ, ಪರದೆಯ ಅಂಚನ್ನು ಕೆಂಪು, ಹಸಿರು, ನೇರಳೆ ಮಾಡುತ್ತಾ ಕೂರುತ್ತಾಳೆ. ನಾನು ಪಕ್ಕದಲ್ಲಿ ಕೂತು ಆ ಬಾಗಿದ ಮೂಲೆಯನ್ನು ನೋಡುತ್ತಿರುತ್ತೇನೆ.